ತೋಳು ಏರದ ಕುರ್ತಿ

ಪ್ರಶ್ನೆ: ಅಕ್ಕಾ, ನಾನು ಶಾಲೆಯಲ್ಲಿ ಟೀಚರ್. ವಯಸ್ಸು 34, ಎದೆ ಅಳತೆ 48 ಇಂಚು. ಗೋಣಿಕೊಪ್ಪದಲ್ಲಿ ಸಿಗಲಿಲ್ಲ ಅಂತ ಮೈಸೂರಿಗೂ ಹೋಗಿ ಬಂದೆ. ಒಂದು ಅಂಗಡಿಯಲ್ಲಿ ಬಾಗಿಲಲ್ಲೇ ‘ನಿಮ್ಮ ಸೈಜ್ ಬರಲ್ಲ ಮೇಡಂ’ ಅಂದರು. ಎದೆಗೆ ಸರಿಯಾದ ಕುರ್ತಿಗೆ ತೋಳು ಏರುವುದಿಲ್ಲ. ದೊಡ್ಡದು ಹಾಕಿದರೆ ಭುಜ ಜಾರುತ್ತದೆ. ಡಿಸೆಂಬರಿನಲ್ಲಿ ತಮ್ಮನ ಮದುವೆ ಬೇರೆ. ಏನು ಮಾಡಲಿ?
– ಓದುಗರು, ಪೊನ್ನಂಪೇಟೆ

ಉತ್ತರ: ತಂಗೀ, ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು. ನನ್ನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಮಡಿಕೇರಿಯಲ್ಲಿ ಒಮ್ಮೆ ಟ್ರಯಲ್ ರೂಮಿನಲ್ಲಿ ಕುರ್ತಿ ಮೊಣಕೈ ಹತ್ತಿರ ಸಿಕ್ಕಿಹಾಕಿಕೊಂಡಿತು. ತೆಗೆಯುವಾಗ ಹೊಲಿಗೆ ಬಿಟ್ಟಿತು. ದುಡ್ಡು ಕೊಟ್ಟು, ಹರಿದ ಕುರ್ತಿ ಹಿಡಿದು ಬಸ್ ಹತ್ತಿದೆ. ಮನೆ ತಲುಪುವವರೆಗೂ ನನ್ನ ಮೈಯನ್ನೇ ಬೈದುಕೊಂಡೆ. ಹೊಲಿಗೆ ಕಲಿತ ಮೇಲೆ ಗೊತ್ತಾಯಿತು, ತಪ್ಪು ಮೈಯದ್ದಲ್ಲ, ಕತ್ತರಿಯದ್ದು.

ರೆಡಿಮೇಡ್‌ನಲ್ಲಿ ಮೊದಲು ಮಧ್ಯಮ ಸೈಜಿಗೆ ಒಂದು ಮಾದರಿ ಕತ್ತರಿಸುತ್ತಾರೆ. ಆಮೇಲೆ ಒಂದೊಂದು ಸೈಜಿಗೂ ಇಷ್ಟಿಷ್ಟು ಅಂತ ಹಿಗ್ಗಿಸುತ್ತಾ ಹೋಗುತ್ತಾರೆ. ಎದೆಯ ಜೊತೆ ಭುಜವೂ ಅಗಲವಾಗುತ್ತದೆ. ಆದರೆ ದಪ್ಪ ಆದರೆ ಭುಜದ ಮೂಳೆ ಬೆಳೆಯುತ್ತದಾ? ದಪ್ಪ ಆಗುವುದು ರಟ್ಟೆ. ಅಲ್ಲಿ ಮಾತ್ರ ಬಟ್ಟೆ ಸಾಲುವುದಿಲ್ಲ. ಕುರ್ತಿಯ ಸೈಜ್ ಚೀಟಿಯನ್ನೂ ನಂಬಬೇಡಿ. ಒಂದು ಕಂಪನಿಯ ಡಬಲ್ ಎಕ್ಸ್‌ಎಲ್ ಇನ್ನೊಂದರ ಎಕ್ಸ್‌ಎಲ್‌ಗೆ ಸಮ ಇರುತ್ತದೆ. ನಮ್ಮ ದೇಶದವರ ಮೈಗೆ ಹೊಂದುವ ಸೈಜ್ ಪಟ್ಟಿ ಬೇಕು ಅಂತ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಸುಮಾರು 25,000 ಜನರನ್ನು ಅಳೆಯುವ ಯೋಜನೆಯನ್ನೇ ಹಾಕಿಕೊಂಡಿತು. ಅಷ್ಟು ದೊಡ್ಡ ಸಮಸ್ಯೆ ಇದು, ನಿಮ್ಮೊಬ್ಬರದ್ದಲ್ಲ.

ಪರ್ಸಿನಲ್ಲಿ ಟೇಪ್ ಇಟ್ಟುಕೊಳ್ಳಿ. ನಿಮಗೆ ಚೆನ್ನಾಗಿ ಕೂರುವ ಹಳೇ ಕುರ್ತಿ ಒಂದು ಇದ್ದೇ ಇರುತ್ತದೆ ಅಲ್ವಾ? ಅದನ್ನು ಹಾಸಿ ಕಂಕುಳಿಂದ ಕಂಕುಳಿಗೆ ಅಳೆಯಿರಿ, ರಟ್ಟೆಯ ಹತ್ತಿರ ತೋಳಿನ ಅಗಲವನ್ನೂ ಬರೆದುಕೊಳ್ಳಿ. ಅಂಗಡಿಯಲ್ಲಿ ಅಷ್ಟಿದ್ದರೆ ಮಾತ್ರ ಟ್ರಯಲ್ ರೂಮಿಗೆ ಹೋಗಿ. ಸುಮ್ನೆ ಹತ್ತು ಕುರ್ತಿ ಹಾಕಿ ತೆಗೆದು ಮನಸ್ಸು ಕೆಡಿಸಿಕೊಳ್ಳಬೇಡಿ.

ಆದರೂ ನನ್ನ ಮಾತು ಕೇಳುವುದಾದರೆ ಹೊಲಿಸಿಕೊಳ್ಳಿ. ಡ್ರೆಸ್ ಪೀಸ್‌ನಲ್ಲಿ ಬರುವ ಎರಡೂವರೆ ಮೀಟರ್ ನಮಗೆ ಸಾಲದು. 44 ಇಂಚು ಅಗಲದ ಬಟ್ಟೆಯಲ್ಲಿ ನಮ್ಮ ಅಳತೆಯ ಮುಂಭಾಗ, ಹಿಂಭಾಗ ಅಕ್ಕಪಕ್ಕ ಕೂರುವುದಿಲ್ಲ. ಉದ್ದ ತೋಳು ಬೇಕಾದರೆ 3 ಮೀಟರ್ ತಗೊಳ್ಳಿ. ಕಾಟನ್ ಆದರೆ ನೆನೆಸಿ ಒಣಗಿಸಿಯೇ ಟೈಲರಿಗೆ ಕೊಡಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಗಿಡ್ಡ ಆಗುತ್ತದೆ. ಮೂರೇ ಕುರ್ತಿ ಸಾಕು ಅನ್ನಬೇಡಿ. ಜುಲೈ ಮಳೆಯಲ್ಲಿ ಒಂದು ಒಣಗಲು ಮೂರು ದಿನ ಬೇಕು, ನಿಮಗೆ ಗೊತ್ತಲ್ಲ.

ಮದುವೆಗೆ ಕೊಡವ ಸೀರೆ ಉಡುತ್ತೀರಾದರೆ ಮೊದಲು ಜಾಕೆಟ್ ನೋಡಿಕೊಳ್ಳಿ. ಸೆರಗಿಗೆ ಪಿನ್ ಹಾಕುವುದು ಬಲಭುಜಕ್ಕೆ. ಅಲ್ಲಿ ಜಾರಿದರೆ ಸೀರೆಯೂ ಜಾರುತ್ತದೆ. ಭುಜವನ್ನು ಮೂಳೆಯಿಂದ ಮೂಳೆಗೆ ಅಳೆಯಲು ಹೇಳಿ. ರಟ್ಟೆಯ ಅಳತೆಯನ್ನು ಕೈ ಮಡಚಿ ಕೊಡಿ. ಪಕ್ಕದಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಡಿಸಿ. ಅಕ್ಟೋಬರಿನಲ್ಲೇ ಬಟ್ಟೆ ಕೊಟ್ಟುಬಿಡಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತು ಅಂದರೆ ಟೈಲರ್‌ಗಳು ಕೈಗೆ ಸಿಗುವುದಿಲ್ಲ.