ರಕ್ತ ಕೊಡುವ ಮುಂಚೆ ಡ್ಯೂಟಿ ಯಾವುದು ಅಂತ ಹೇಳಿ

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕಿಲ್ಲ. ನಿಮ್ಮ ಪತ್ರದಲ್ಲಿರುವುದು ಇಷ್ಟು: ನೀವು ನರ್ಸ್. ನಾಲ್ಕು ವರ್ಷದಿಂದ ಒಂದು ವಾರ ನೈಟ್, ಒಂದು ವಾರ ಹಗಲು ಡ್ಯೂಟಿ. ಈಚೆಗೆ ಮುಟ್ಟು ಒಮ್ಮೆ 24 ದಿನಕ್ಕೆ ಬರುತ್ತದೆ, ಒಮ್ಮೆ 42ಕ್ಕೆ. ನೈಟ್ ವಾರದಲ್ಲಿ ಮಧ್ಯಾಹ್ನ ಎರಡಕ್ಕೆ ಎದ್ದು, ಎರಡೂವರೆಗೆ ಲ್ಯಾಬ್‌ನಲ್ಲಿ ರಕ್ತ ಕೊಟ್ಟಿರಿ. ಎದೆಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಸ್ವಲ್ಪ ಜಾಸ್ತಿ ಬಂದಿದೆ. ‘ಹಗಲೆಲ್ಲ ಮಲಗಿದರೆ ಇನ್ನೇನಾಗುತ್ತೆ’ ಎಂದು ಅತ್ತೆ ಅಂದರಂತೆ. ಇದೆಲ್ಲ ನೈಟ್ ಡ್ಯೂಟಿಯಿಂದಲೇ ಆಗಿದ್ದಾ ಎನ್ನುವುದು ನಿಮ್ಮ ಪ್ರಶ್ನೆ.

ಮೊದಲು ಆ ರಿಪೋರ್ಟ್ ವಿಚಾರ. ಪ್ರೊಲ್ಯಾಕ್ಟಿನ್ ನಿದ್ದೆಯಲ್ಲಿ ಏರುವ ಹಾರ್ಮೋನು. ಹಗಲು ಮಲಗಿದರೂ ಏರುತ್ತದೆ. ಎದ್ದ ಮೇಲೆ ಇಳಿಯಲು ಒಂದೆರಡು ಗಂಟೆ ಬೇಕು. ಲ್ಯಾಬ್‌ನವರ ಗಡಿಯಾರದಲ್ಲಿ ಎರಡೂವರೆ, ನಿಮ್ಮ ಮೈಗೆ ಆಗಷ್ಟೇ ಬೆಳಗಾಗಿತ್ತು! ಒತ್ತಡದ ಹಾರ್ಮೋನು ಎನ್ನುವ ಕಾರ್ಟಿಸಾಲ್ ಕೂಡ ಹೀಗೇ. ಬೆಳಿಗ್ಗೆ 8ರ ಹೊತ್ತಿಗೆ ಇಷ್ಟಿರಬೇಕು ಎಂಬ ಲೆಕ್ಕ ರಾತ್ರಿ ಮಲಗಿ ಎದ್ದವರದು. ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುವವರಿಗೆ ಅದು ಹೇಗೆ ಹೊಂದೀತು? ಹಗಲು ಡ್ಯೂಟಿಯ ವಾರದ ಕೊನೆಗೆ, ಎದ್ದು ಎರಡು ಮೂರು ಗಂಟೆ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಬಹುದಾ ಎಂದು ಡಾಕ್ಟರನ್ನು ಕೇಳಿ. ಶಿಫ್ಟಿನ ವಿಷಯ ಅವರಾಗಿ ಕೇಳದಿದ್ದರೆ ನೀವೇ ಹೇಳಿ.

ಇನ್ನು ಮುಟ್ಟು. ಅಮೆರಿಕದಲ್ಲಿ ಸುಮಾರು 71 ಸಾವಿರ ನರ್ಸ್‌ಗಳ ಮಾಹಿತಿ ಕಲೆಹಾಕಿ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಎರಡು ವರ್ಷದಲ್ಲಿ 20 ತಿಂಗಳಿಗೂ ಹೆಚ್ಚು ಕಾಲ ಶಿಫ್ಟ್ ಬದಲಾಗುತ್ತಲೇ ಇದ್ದವರಲ್ಲಿ ಮುಟ್ಟಿನ ಏರುಪೇರು ಹತ್ತಿರ ಹತ್ತಿರ ಕಾಲು ಪಾಲು ಜಾಸ್ತಿ ಕಂಡಿತ್ತು. ಕತ್ತಲಲ್ಲಿ ಒಸರಬೇಕಾದ ನಿದ್ದೆಯ ಹಾರ್ಮೋನು ಮೆಲಟೋನಿನ್ ವಾರ್ಡಿನ ಬೆಳಕಿಗೆ ತಗ್ಗುತ್ತದೆ. ಅಂಡಾಶಯಕ್ಕೆ ಸೂಚನೆ ಕೊಡುವ ಹಾರ್ಮೋನುಗಳೂ ಹಗಲು ರಾತ್ರಿಯ ಲೆಕ್ಕ ಇಡುವ ಮಿದುಳಿನ ಗಡಿಯಾರವನ್ನೇ ನೋಡಿಕೊಂಡು ನಡೆಯುತ್ತವೆ. ಆ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯಬಲ್ಲದು. ನಿಮ್ಮದು ಅರ್ಧ ದಾರಿಗೆ ಬರುವಷ್ಟರಲ್ಲಿ ರೋಸ್ಟರ್ ಬದಲಾಗಿರುತ್ತದೆ. ತಪ್ಪು ರೋಸ್ಟರಿನದು, ನೀವು ಮಲಗಿದ್ದಲ್ಲ.

ಹಾಗಂತ ಎಲ್ಲವನ್ನೂ ನೈಟ್ ಡ್ಯೂಟಿಯ ತಲೆಗೆ ಕಟ್ಟಿ ಸುಮ್ನೆ ಕೂರಬೇಡಿ. ಥೈರಾಯ್ಡ್ ತೊಂದರೆ, ಪಿಸಿಒಎಸ್ (ಹಾರ್ಮೋನು ಏರುಪೇರಿನಿಂದ ಅಂಡಾಶಯಕ್ಕೆ ಆಗುವ ತೊಂದರೆ) ಇದ್ದರೂ ಹೀಗೇ ಆಗುತ್ತದೆ. ನರ್ಸ್ ಆದ ನಿಮಗೆ ಇದು ಗೊತ್ತಿರುವುದೇ. ಬೇರೆಯವರಿಗೆ ಹೇಳುವುದನ್ನು ನಾವೇ ಮಾಡುವುದಿಲ್ಲ, ಅಲ್ವಾ?

ಸ್ತನ ಕ್ಯಾನ್ಸರ್ ಬಗ್ಗೆಯೂ ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ ರಾತ್ರಿ ಪಾಳಿಯನ್ನು ‘ಬಹುಶಃ ಕ್ಯಾನ್ಸರ್ ತರಬಲ್ಲದ್ದು’ ಎಂಬ ಪಟ್ಟಿಗೆ ಸೇರಿಸಿದ್ದು ನಿಜ. ಆದರೆ 2016ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ನಾಲ್ಕು ವರ್ಷದ ಡ್ಯೂಟಿಗೆ ನಿದ್ದೆಗೆಡಬೇಡಿ, ಮೊದಲೇ ಕೆಟ್ಟಿದೆ.

ಹಗಲು ಮಲಗುವ ಕೋಣೆಯ ಕಿಟಕಿಗೆ ದಪ್ಪ ಕಪ್ಪು ಪರದೆ ಹಾಕಿ. ಹನ್ನೊಂದಕ್ಕೆ ಕೊರಿಯರ್‌ನವನು ಬೆಲ್ ಒತ್ತಿದರೆ ಬಾಗಿಲು ತೆಗೆಯುವುದು ಎದ್ದಿರುವವರ ಕೆಲಸ. ಬೇಕಿದ್ದರೆ ಈ ಪುಟವನ್ನೇ ಅತ್ತೆಯವರಿಗೆ ಓದಲು ಕೊಡಿ.

– ಸಂ.