ಔಷಧಿ ಚೀಟಿಯ ನಿಯಮ ಎಲ್ಲಿ ನಿಂತಿತು?

ಪ್ರಶ್ನೆ: ಡಾಕ್ಟರು ಜೆನೆರಿಕ್ ಹೆಸರಲ್ಲೇ (ಕಂಪನಿ ಇಟ್ಟ ಹೆಸರಲ್ಲ, ಔಷಧಿಯ ಮೂಲ ಹೆಸರಲ್ಲಿ) ಔಷಧಿ ಬರೆಯಬೇಕು ಎಂಬ ನಿಯಮ ಬಂದಿತ್ತು ಅಲ್ವಾ? ಏನಾಯಿತು? ವೈದ್ಯಕೀಯ ಆಯೋಗದ ನಿಯಮಗಳನ್ನು ಯಾರಾದರೂ ನೋಡುತ್ತಾರಾ?
– ಓದುಗರೊಬ್ಬರು, ತಿಪಟೂರು

ಉತ್ತರ: ನಮ್ಮಪ್ಪನ ಬಿಪಿ ಮಾತ್ರೆಯ ಚೀಟಿ ನನ್ನ ಮುಂದೆಯೇ ಇದೆ. ಅದರಲ್ಲಿರುವುದು ಕಂಪನಿಯ ಹೆಸರು ಮಾತ್ರ. ಮಾತ್ರೆಯ ಹಾಳೆ ತಿರುಗಿಸಿ, ಕನ್ನಡಕ ಹಾಕಿಕೊಂಡು ನೋಡಿದರೆ ಸಣ್ಣ ಅಕ್ಷರದಲ್ಲಿ ‘ಆಮ್ಲೋಡಿಪಿನ್’ ಎಂಬ ಜೆನೆರಿಕ್ ಹೆಸರು ಸಿಗುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆ ನನ್ನದೂ ಹೌದು.

ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಆ ನಿಯಮ ಹೊರಡಿಸಿತು. ಔಷಧಿಗಳ ಗುಣಮಟ್ಟ ಮೊದಲು ಸರಿಯಾಗಲಿ ಎಂದು ವೈದ್ಯರ ಸಂಘ ವಿರೋಧಿಸಿತು. ಆಗಸ್ಟ್ 23ಕ್ಕೆ ಆಯೋಗವೇ ಅದನ್ನು ತಡೆಹಿಡಿದು, 2002ರ ಹಳೇ ನಿಯಮಕ್ಕೆ ಮರಳಿತು. ಅದರಲ್ಲೂ ಜೆನೆರಿಕ್ ಹೆಸರಿನ ಮಾತಿದೆ, ಮೊದಲಿದ್ದ ‘ಸಾಧ್ಯವಾದಷ್ಟು’ ಎಂಬ ಪದವನ್ನು 2016ರಲ್ಲೇ ತೆಗೆದಿದ್ದಾರೆ!

ಮೇಲ್ವಿಚಾರಣೆ ಇದೆ. ಆಯೋಗಕ್ಕೂ ಮೊದಲು ಇದ್ದ ವೈದ್ಯಕೀಯ ಪರಿಷತ್ತು ಕೇಂದ್ರದ ಒಪ್ಪಿಗೆ ಪಡೆದೇ ನಿಯಮ ಮಾಡಬೇಕಿತ್ತು. ಈಗಿನ ಆಯೋಗಕ್ಕೂ ಕೇಂದ್ರ ನಿರ್ದೇಶನ ಕೊಡಬಹುದು. ನಿಯಮಗಳನ್ನು ಸಂಸತ್ತಿನ ಮುಂದಿಡಬೇಕು, ಸಂಸತ್ತು ಬದಲಿಸಬಹುದು, ರದ್ದೂ ಮಾಡಬಹುದು. ಆದರೆ ಚೀಟಿ ಹಿಡಿದು ಅಂಗಡಿ ಮುಂದೆ ನಿಂತವರನ್ನು ಕೇಳುವವರು ಯಾರು? ನನಗೆ ಜಾಸ್ತಿ ಬೇಸರವಾಗುವುದು ಅಲ್ಲೇ. ಕರಡು ಪ್ರಕಟವಾದಾಗ ಸಾರ್ವಜನಿಕರೂ ಅಭಿಪ್ರಾಯ ಕಳಿಸಬಹುದು. ಮುಂದಿನ ಕರಡು ಬಂದಾಗ ಸುಮ್ನೆ ಇರಬೇಡಿ, ಬರೆಯಿರಿ. ನಾನೂ ಬರೆಯುತ್ತೇನೆ.