ತೈಚಿಯ ತವರು ಬೆಟ್ಟವೋ, ಹಳ್ಳಿಯೋ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಚೀನಾದ ತೈಚಿಯನ್ನು ಸಮರಕಲೆ ಎಂದು ಬರೆದಿದ್ದೀರಿ. ನಮ್ಮ ಬಡಾವಣೆಯ ಉದ್ಯಾನದಲ್ಲಿ ಹಿರಿಯರು ನಿಧಾನವಾಗಿ ಮಾಡುವ ತೈಚಿಗೆ ಸೊಳ್ಳೆಯೂ ಸಾಯಲಾರದು! ಹಾವು ಮತ್ತು ಕೊಕ್ಕರೆಯ ಕಾದಾಟ ನೋಡಿ ಸನ್ಯಾಸಿಯೊಬ್ಬ ಇದನ್ನು ರೂಪಿಸಿದನೆಂದು ಅಲ್ಲಿನ ಶಿಕ್ಷಕರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ಸೊಳ್ಳೆಯ ಮಾತಿಗೆ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆದರೂ ನಮ್ಮ ಲೇಖಕರ ಪರವಾಗಿಯೇ ನಿಲ್ಲುತ್ತೇನೆ. ತೈಚಿ ಹುಟ್ಟಿದ್ದು ಹೊಡೆದಾಟಕ್ಕೆ.

ನಿಮ್ಮ ಶಿಕ್ಷಕರು ಹೇಳುವ ಸನ್ಯಾಸಿ ವುಡಾಂಗ್ ಬೆಟ್ಟದ ಝಾಂಗ್ ಸಾನ್‌ಫೆಂಗ್. ಅವನಿಗೂ ಮುಷ್ಟಿಕಾಳಗಕ್ಕೂ ನಂಟು ಕಟ್ಟುವ ಪ್ರಸಿದ್ಧ ಹಳೆಯ ಬರಹ 1669ರ ಒಂದು ಸಮಾಧಿಲೇಖ. ಅದರಲ್ಲಿ ತೈಚಿಯ ಹೆಸರೇ ಇಲ್ಲ. 1930ರ ದಶಕದಲ್ಲಿ ತಾಂಗ್ ಹಾವೋ ಎಂಬ ಇತಿಹಾಸಕಾರರು ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಹಳ್ಳಿಗೆ ಹೋಗಿ ಚೆನ್ ಮನೆತನದ ಕಾಗದಪತ್ರಗಳನ್ನು ತಡಕಾಡಿದರು. ಮಿಂಗ್ ಅರಸೊತ್ತಿಗೆಯ ಕೊನೆಗಾಲದಲ್ಲಿ ಸೈನ್ಯದಲ್ಲಿದ್ದ ಚೆನ್ ವಾಂಗ್‌ಟಿಂಗ್ ಈ ಕಲೆಯ ಮೂಲಪುರುಷ ಎಂದು ಅವರು ತೀರ್ಮಾನಿಸಿದರು. ಮಿಂಗ್ ದಂಡನಾಯಕ ಚಿ ಜಿಗುವಾಂಗ್ 16ನೇ ಶತಮಾನದಲ್ಲಿ ಸೈನಿಕರಿಗಾಗಿ ಬರೆದ ಕೈಪಿಡಿಯಲ್ಲಿ 32 ಮುಷ್ಟಿವರಸೆಗಳಿವೆ. 'ಒಂಟಿ ಚಾಟಿ'ಯೂ ಸೇರಿ ಅವುಗಳಲ್ಲಿ ಬಹುಪಾಲು ಚೆನ್ ಮನೆತನದ ತೈಚಿ ಪದ್ಧತಿಯಲ್ಲಿ ಕಾಣುತ್ತವೆ. ವುಡಾಂಗ್ ಪರಂಪರೆಯವರು ಇದನ್ನು ಒಪ್ಪುವುದಿಲ್ಲ. ನನಗಂತೂ ಕೊಕ್ಕರೆಗಿಂತ ದಂಡನಾಯಕನ ಸಾಕ್ಷ್ಯವೇ ಗಟ್ಟಿಯಾಗಿ ತೋರುತ್ತದೆ.

ಹಳ್ಳಿಯ ಈ ವಿದ್ಯೆಯನ್ನು ಬೀಜಿಂಗ್‌ಗೆ ಒಯ್ದವರು ಯಾಂಗ್ ಲುಚಾನ್ (1799–1872). ಅವರ ಮೊಮ್ಮಗ ಯಾಂಗ್ ಚೆಂಗ್‌ಫು ಅದನ್ನು ಒಂದೇ ಲಯದ, ನಿಧಾನದ, ವಿಶಾಲ ಚಲನೆಗಳ ರೂಪಕ್ಕೆ ತಂದರು. 1956ರಲ್ಲಿ ಚೀನಾದ ಸರ್ಕಾರಿ ಕ್ರೀಡಾ ಆಯೋಗ ಯಾಂಗ್ ಪದ್ಧತಿಯಿಂದ 24 ವರಸೆಗಳನ್ನು ಆರಿಸಿ ಜನಸಾಮಾನ್ಯರಿಗೆಂದು ಜೋಡಿಸಿತು. ಐದಾರು ನಿಮಿಷದಲ್ಲಿ ಮುಗಿಯುವ ಆ ಸರಣಿಯನ್ನೇ ನೀವು ಉದ್ಯಾನದಲ್ಲಿ ನೋಡುತ್ತಿರಬಹುದು. ಚೆನ್ ಪದ್ಧತಿಯ ಎರಡನೆಯ ಸರಣಿಯಾದ 'ಫಿರಂಗಿ ಮುಷ್ಟಿ'ಯನ್ನು ಒಮ್ಮೆ ನೋಡಿ: ನೆಗೆತ, ನೆಲ ನಡುಗಿಸುವ ಕಾಲಬಡಿತ, ಸಿಡಿಯುವ ಮೊಣಕೈ!

ಹಾಗಾದರೆ ನಿಧಾನವೇಕೆ? ವೇಗದ ರಭಸದಲ್ಲಿ ತಪ್ಪುಗಳು ಮುಚ್ಚಿಹೋಗುತ್ತವೆ. ನಿಧಾನವಾಗಿ ಹೆಜ್ಜೆಯಿಟ್ಟರೆ ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿ ಇಳಿಯುವ ಮೊದಲೇ ಅವಸರ ಮಾಡಿದ್ದು ತಕ್ಷಣ ತಿಳಿಯುತ್ತದೆ. ಮಂಡಿ ತುಸು ಬಾಗಿರಬೇಕು, ಭುಜ ಇಳಿಬಿಟ್ಟಿರಬೇಕು, ಕೈಯನ್ನು ಸೊಂಟ ನಡೆಸಬೇಕು. ಇದು ಮೈಗೂಡಿದೆಯೇ ಎಂದು ಪರೀಕ್ಷಿಸುವುದು ಇಬ್ಬರು ಮುಂಗೈಗೆ ಮುಂಗೈ ತಾಗಿಸಿ ಮಾಡುವ ಜೋಡಿ ಅಭ್ಯಾಸದಲ್ಲಿ. ಎದುರಾಳಿ ತಳ್ಳಿದಾಗ ಸೆಟೆದು ನಿಲ್ಲಬಾರದು. ಕೈಯ ಸ್ಪರ್ಶ ಬಿಡದೆ ಸೊಂಟ ತಿರುಗಿಸಿದರೆ ಅವನ ಬಲ ಬದಿಗೆ ಜಾರಿ, ತೆರೆದ ಬಾಗಿಲನ್ನು ಭುಜಕೊಟ್ಟು ನೂಕಿದವನಂತೆ ಅವನೇ ಮುಗ್ಗರಿಸುತ್ತಾನೆ. ಮರುತಳ್ಳು ಕೊಡುವುದು ಆ ಕ್ಷಣದಲ್ಲಿ.

ನಿಮ್ಮ ಶಿಕ್ಷಕರು ಈ ಜೋಡಿ ಅಭ್ಯಾಸ ಕಲಿಸುತ್ತಾರೆಯೇ ಎಂದು ಕೇಳಿ ನೋಡಿ. ಕಲಿಸದಿದ್ದರೆ ಅಲ್ಲಿ ನಡೆಯುತ್ತಿರುವುದು ಬರಿಯ ವ್ಯಾಯಾಮ, ಅದರಲ್ಲಿಯೂ ತಪ್ಪೇನಿಲ್ಲ. ಸೇರುವ ಮನಸ್ಸಾದರೆ, ಕಾಲು ಬಾಗಿಸಿದಾಗ ಮಂಡಿ ಕಾಲ್ಬೆರಳನ್ನು ದಾಟಿ ಮುಂದೆ ಹೋಗದಂತೆ ನೋಡಿಕೊಳ್ಳಿ.